ಇವತ್ತು ಹಾರಿಸಲ್ಲ ಅಂದೆ
ಆಗಸ್ಟ್ 12, ಮಂಗಳವಾರ. ಹೂಡಿ.

ಎರಡು ರಾತ್ರಿ ಸರಕು ವಿಮಾನ ಹಾರಿಸಿ ಬಂದವನಿಗೆ ಇವತ್ತೂ ಡ್ಯೂಟಿ ಹಾಕಿದ್ದರು. ಸುಸ್ತಾಗಿದೆ, ಹಾರಿಸಲ್ಲ ಎಂದು ಮೊದಲ ಸಲ ಹೇಳಿಬಿಟ್ಟೆ. ಕೆಲಸ ಹೋಯಿತೆಂದುಕೊಂಡು ಸಂಜೆಯವರೆಗೂ ಫೋನ್ ಹಿಡಿದು ಕೂತಿದ್ದೆ. ಕೊನೆಗೆ ನಮ್ಮ ಪೈಲಟ್ ಯೂನಿಯನ್ನಿನ ನೀಲಾಂಬಿಕಾ ಮೇಡಂ ಫೋನ್ ಮಾಡಿದರು.

“ಮ್ಯಾನೇಜ್‌ಮೆಂಟ್ ಹತ್ರ ಮಾತಾಡಿದೀನಿ. ರೂಲ್ ನಿಮ್ಮ ಕಡೆಗಿದೆ. ಮಲ್ಕೊಳ್ಳಿ ಕ್ಯಾಪ್ಟನ್.”

ಎದೆ ಹಗುರಾಯಿತು. ಖುಷಿಯಲ್ಲಿ ಗೆಳೆಯ ದೀಪುಗೆ ಫೋನ್ ಮಾಡಿದೆ. ಅವನೂ ಸರಕು ವಿಮಾನದ ಪೈಲಟ್. ಅವನ ಕಂಪನಿಯಲ್ಲಿ ಸಂಬಳ ಜಾಸ್ತಿ, ಯೂನಿಯನ್ ಇಲ್ಲ. ನನ್ನನ್ನೂ ಅಲ್ಲಿಗೆ ಬಾ ಎಂದು ಪೀಡಿಸುತ್ತಲೇ ಇದ್ದ. ನಡೆದದ್ದನ್ನೆಲ್ಲಾ ಅವನಿಗೆ ಹೇಳಿದೆ.

“ಹಂಗೆಲ್ಲಾ ಹೇಳ್ಬೋದಾ ಮಗಾ?”

ಅವನಿಗೂ ಇದು ಮೂರನೇ ರಾತ್ರಿ. ಈ ಹೊತ್ತಿಗೆ ಮೇಲೆ ಹಾರುತ್ತಿರಬೇಕು. ನನಗೆ ನಿದ್ದೆಗೆ ಕಣ್ಣು ಎಳೆಯುತ್ತಿದೆ. ನನಗೆ ಎಳೆದರೆ ಪರವಾಗಿಲ್ಲ, ಹಾಸಿಗೆಯಲ್ಲಿದ್ದೇನೆ. ಅವನಿಗೆ...