ತಾಮ್ರದ ಕುಲುಮೆಗೆ ಹಸಿ ಮರ

ಬಲ್ಖಾಶ್, ಮಂಗಳವಾರ

ಕುಲ್ಯಾಶ್ ಅತ್ತಿಗೆಗೆ ಸಲಾಂ.

ಅದಿರಿನಿಂದ ಕರಗಿಸಿದ ತಾಮ್ರದಲ್ಲಿ ಇಲ್ಲಿನ ಕಾರ್ಖಾನೆಯವರು ಹಸಿ ಮರದ ದಿಮ್ಮಿ ಅದ್ದುತ್ತಾರೆ. ತಾಮ್ರದಲ್ಲಿ ಉಳಿದ ಆಮ್ಲಜನಕವನ್ನು ಅದರ ಹೊಗೆ ಎಳೆದುಕೊಳ್ಳುತ್ತದಂತೆ. ಒಲೆಗೆ ಹಸಿ ಸೌದೆ ತಂದು ನಿಮ್ಮಿಂದ ಬೈಸಿಕೊಂಡು ಬೆಳೆದವನಲ್ಲವೇ, ದಿಮ್ಮಿ ತಾ ಎಂದಾಗ ನಾನು ಹುಡುಕಿ ಹುಡುಕಿ ಒಣಗಿದ್ದನ್ನೇ ಹೊತ್ತು ತಂದೆ.

"ಏನಯ್ಯಾ, ಚಹಾ ಕಾಯಿಸೋಕ್ ಬಂದಿದೀಯಾ? ಹಸೀದ್ ತಗೊಂಡ್ ಬಾ!" ಎಂದರು ಮೇಸ್ತ್ರಿ ದೊಸಾನ್.

ಮತ್ತೆ ಓಡಿದೆ. ಬೆವರು ಹರಿದು ತಲೆ ಸುತ್ತಿತು. ನೀವು ಕಟ್ಟಿಕೊಟ್ಟ ಉಪ್ಪಿನ ಒಣ ಮೊಸರುಂಡೆ ಬಾಯಿಗೆ ಹಾಕಿಕೊಂಡ ಮೇಲೆ ನೆಟ್ಟಗೆ ನಿಂತೆ. ಮೇಸ್ತ್ರಿಯೂ ಒಂದು ಕೇಳಿ ತಿಂದು, "ಕಟ್ಟಿಕೊಟ್ಟೋಳ ಹೊಟ್ಟೆ ತಣ್ಣಗಿರ್ಲಿ ಕಣಯ್ಯಾ" ಎಂದರು.

ಈಗ ಆರಾಮಾಗಿದ್ದೇನೆ. ಊರಿಂದ ಹೊರಡುವಾಗ ಆ ಮೊಸರುಂಡೆಯ ಚೀಲವನ್ನು ನಾನು ಮೂರು ಸಲ ಲಾರಿಯಿಂದ ಕೆಳಗಿಟ್ಟೆ, ನೀವು ನಾಲ್ಕು ಸಲ ಏರಿಸಿದಿರಿ. ಆ ನಾಲ್ಕನೆಯ ಸಲಕ್ಕೆ ನಮಸ್ಕಾರ, ಅತ್ತಿಗೆ.

ನಿಮ್ಮ ಮೈದುನ
ಬೆಕ್ಬೋಲತ್