ಹಬ್ಬಕ್ಕೆ ಊರಿಗೆ ಹೋದ ಪ್ರಶ್ನೆಗಳು

ಪಾಂಡವಪುರ
18 ಸೆಪ್ಟೆಂಬರ್ 2024

ಮಹದೇವಸ್ವಾಮಿಯವರೇ,

ಗಂಡನ ಹೆಸರು ಹಿಡಿದು ಬರೆದಳೆಂದು ಹುಬ್ಬು ಗಂಟಿಕ್ಕಬೇಡಿ. 'ಪ್ರೀತಿಯ' ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಮೆಸೇಜು ಹಾಕಿದರೆ ನೀಲಿ ಗೆರೆ ಬೀಳುತ್ತದೆಯೇ ಹೊರತು ಉತ್ತರ ಬರುವುದಿಲ್ಲ, ಅದಕ್ಕೇ ಈ ಕಾಗದ.

ಬರುವ ಭಾನುವಾರ ನಿಮ್ಮ ಸೋದರಮಾವ ಸೋಮಯ್ಯನವರು ಹಿರಿಯರನ್ನೆಲ್ಲ ಕೂರಿಸಿಕೊಂಡು, ನಾನು ಕಿರಂಗೂರಿಗೆ ವಾಪಸು ಬರುತ್ತೇನೋ ಇಲ್ಲವೋ ಎಂದು ಕೇಳುತ್ತಾರಂತೆ. ಸುದ್ದಿ ಕಿವಿಗೆ ಬಿದ್ದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಹಾಲು ಉಕ್ಕಿಸಿದೆ. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಹಿಂದಕ್ಕೆ ಬಂದೆ. ಭಾವನೆಗಳ ಹತೋಟಿಯ ಮೇಲೆ ಪಿಎಚ್.ಡಿ. ಮಾಡುವವಳ ಹಣೆಬರಹ ನೋಡಿ!

ನನ್ನ ಕೆಲಸವೇನೆಂದು ನೀವು ಯಾವತ್ತೂ ಕೇಳಲಿಲ್ಲ, ಈಗ ಕೇಳಿ. ಕೋಪ, ದುಃಖ ಬಂದಾಗ ಏನು ಮಾಡುತ್ತೀರಿ ಎಂಬ ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ಯೂನಿವರ್ಸಿಟಿ ವಿದ್ಯಾರ್ಥಿಗಳಿಗೆ ಕೊಡುತ್ತೇನೆ. ಕೆಲವು ವಾರ ಬಿಟ್ಟು ಅದನ್ನೇ ಮತ್ತೆ ಕೊಡುತ್ತೇನೆ. ಎರಡು ಸಲವೂ ಉತ್ತರ ಹೆಚ್ಚುಕಡಿಮೆ ಒಂದೇ ಬಂದರೆ ಪ್ರಶ್ನಾವಳಿಯನ್ನು ನಂಬಬಹುದು. ನನ್ನದು ತಾಳೆಯಾಗಲೇ ಇಲ್ಲ. ಮೊದಲು ಕ್ಲಾಸಿನಲ್ಲಿ ಕೂತು 'ಕೋಪ ಬಂದರೆ ಹೇಳಿಬಿಡುತ್ತೇನೆ' ಎಂದ ಹುಡುಗಿಯರೇ ಎರಡನೇ ಸಲ 'ತೋರಿಸಿಕೊಳ್ಳುವುದೇ ಇಲ್ಲ' ಎಂದು ಗುರುತು ಹಾಕಿದ್ದರು. ನನ್ನ ಅನುವಾದವೇ ಸರಿಯಿಲ್ಲ ಎಂದರು ಗೈಡ್.

ಕೆ.ಆರ್. ಪೇಟೆ ಕಡೆಯ ಸ್ನೇಹ ಎಂಬ ವಿದ್ಯಾರ್ಥಿನಿಯನ್ನು ಕೇಳಿದರೆ ನಕ್ಕಳು. "ಎರಡ್ನೇ ಸಲ ಗೌರಿ ಹಬ್ಬಕ್ಕೆ ಊರಿಗೋಗೋರ್ ಕೈಗೆ ಕೊಟ್ಟು, ಅಲ್ಲೇ ಬರ್ಕೊಂಡ್ ಬನ್ನಿ ಅಂದ್ರಲ್ಲ ಮೇಡಂ. ನಮ್ಮಪ್ಪ ಪಕ್ದಲ್ಲೇ ಕುಂತಿದ್ರು. ಅವರ್ ಮುಂದೆ ನಂಗ್ ಕೋಪ ಬತ್ತದೆ ಅಂತ ಬರಿಯಾಕಾಯ್ತದಾ?" ಎಂದಳು. ನಾನೇ ಮಾಡಿದ ಎಡವಟ್ಟು.

ನಾನೂ ಹಾಗೇ ಸುಳ್ಳು ಹೇಳಿದ್ದು ನೆನಪಾಯಿತು. ಶ್ರಾವಣದ ಕಡೇ ಸೋಮವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಸೋಮಯ್ಯ ಮಾವ, "ಇನ್ನೂ ಎಷ್ಟ್ ಓದ್ಬೇಕವ್ವ? ಬುಡು ಅತ್ಲಾಗೆ" ಎಂದರಲ್ಲ, ನೀವು ಮುದ್ದೆ ಮುರಿಯುತ್ತಲೇ ಇದ್ದಿರಿ. ಆಮೇಲೆ ಅಷ್ಟೂ ಜನರೆದುರು ಬೇಜಾರಾಯ್ತಾ ಎಂದು ಕೇಳಿದಿರಿ. ಇಲ್ಲ ಎಂದೆ. ಮಾರನೇ ಬೆಳಿಗ್ಗೆ ಬ್ಯಾಗು ಹಿಡಿದು ಇಲ್ಲಿಯ ಬಾಡಿಗೆ ಕೋಣೆಗೆ ಬಂದೆ. ಬೇಜಾರಾಗಿತ್ತು ಕಣ್ರೀ. ಮಾವ ಹಾಗೇ, ನನಗೆ ಗೊತ್ತು. ನೀವು ನನ್ನ ಪರವಾಗಿ ಒಂದು ಮಾತಾಡಲಿಲ್ಲವಲ್ಲ, ಅದಕ್ಕೆ.

ಭಾನುವಾರ ಹಿರಿಯರ ನಡುವೆ ಕೂರಿಸಿ ಕೇಳಿದರೆ ಮತ್ತೆ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಟ್ಟು ಹೂಂ ಎಂದು ತಲೆಯಾಡಿಸುತ್ತೇನೆ. ಬರುತ್ತೇನೆ, ಓದು ಬಿಡುತ್ತೇನೆ, ನಿಮ್ಮನ್ನು ಸಾಯುವವರೆಗೂ ಕ್ಷಮಿಸುವುದಿಲ್ಲ. ಅದರ ಬದಲು ಶನಿವಾರ ನೀವೊಬ್ಬರೇ ಇಲ್ಲಿಗೆ ಬಂದು ಕೇಳಿ. ಅವಳು ಓದು ಮುಗಿಸಲಿ ಎಂದು ಮಾವನಿಗೆ ನೀವೇ ಹೇಳುವುದಾದರೆ, ನಿಮ್ಮ ಜೊತೆಯಲ್ಲೇ ಹೊರಡುತ್ತೇನೆ.

ಇನ್ನೂ ನಿಮ್ಮವಳೇ,
ಅರ್ಪಿತ

ತಾ.ಕ.: ಅತ್ತೆ ನಾಗಮಂಗಲದ ತಂಗಿಯ ಮನೆಯಲ್ಲಿದ್ದಾರೆಂದು ನೀವು ತಿಳಿದಿದ್ದೀರಿ. ಅವರು ಸೋಮವಾರದಿಂದ ನನ್ನ ಕೋಣೆಯಲ್ಲೇ ಇದ್ದಾರೆ. ಈ ಕಾಗದ ಓದಿಸಿಕೊಂಡು, ಇದನ್ನೂ ಸೇರಿಸು ಎಂದರು: "ನಂಗೂ ಬಾಯಿತ್ತು ಕಣ್ಲಾ ಮಗ. ನಿಂಗೇನ್ ಬೇಕು ಅಂತ ನಿಮ್ಮಪ್ಪ ನನ್ನ ಒಂದಿನಾನೂ ಕೇಳ್ನಿಲ್ಲ. ನೀನ್ ಬಂದು ಇವಳ್ನ ಕೇಳೋಗಂಟ ನಾನೂ ಮನೆಗೆ ಬರಾಕಿಲ್ಲ."