ಐಸಿಯು ತಿರುವಿನಲ್ಲಿ ಕಟ್ಟಾದ ಕಾಲ್

ಮಾರ್ಚ್ 3, ಸೋಮವಾರ

ಇವತ್ತೂ ಅದೇ ಕಂಪ್ಲೇಂಟು. ಮೂರನೇ ಮಹಡಿ, ನಡೀತಾ ಮಾತಾಡಿದರೆ ವಾರ್ಡಿನ ವೈಫೈ ಫೋನು ಕಟ್. ನಮ್ಮ ಐಟಿ ಹೆಡ್ ರಾಧಾಕೃಷ್ಣ ಸರ್‌ಗೆ ಹೇಳಿದೆ.

"ಸಿಗ್ನಲ್ ಫುಲ್ ಉಂಟಲ್ಲ ಮಾರಾಯ್ತಿ, ಮತ್ತೆಂತ?"

ಕಡ್ಡಿ ಫುಲ್ ಉಂಟು. ಕಾಲ್ ನಿಲ್ಲುವುದಿಲ್ಲ. ಡೈರೆಕ್ಟರ್ ಗಿರಿಜಾ ಮೇಡಂ ರೂಮಿನಲ್ಲಿ ಕಡ್ಡಿ ಕಡಿಮೆ ಅಂತ ಇಡೀ ಆಸ್ಪತ್ರೆಯ ವೈಫೈ ಪವರ್ ಏರಿಸಿದ್ದು ಇದೇ ಮನುಷ್ಯ. ಅಲ್ಲಿಂದ ಶುರು ಈ ಕರ್ಮ.

ಮಾರ್ಚ್ 6, ಗುರುವಾರ

ಮೂರನೇ ಮಹಡಿಯ ನರ್ಸ್ ಮಗ್ದಲೀನ್ ಸಿಸ್ಟರ್ ಸಸ್ಪೆಂಡ್!

ನಿನ್ನೆ ವಾರ್ಡಿನಲ್ಲಿ ಒಬ್ಬ ಪೇಶೆಂಟಿಗೆ ಉಸಿರು ಕಟ್ಟಿತು. ಸಿಸ್ಟರ್ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡ್ತಾ ಸಹಾಯಕ್ಕೆ ಐಸಿಯು ಕಡೆ ಓಡಿದ್ದಾರೆ. ತಿರುವಿನಲ್ಲಿ ಕಾಲ್ ಹೋಯಿತು. ಡಾಕ್ಟರ್ ಬಂದದ್ದು ತಡ. ಪೇಶೆಂಟ್ ಬದುಕಿದ್ದಾರೆ, ವೆಂಟಿಲೇಟರಿನಲ್ಲಿ. ಡಾಕ್ಟರ್ ಹೇಳಿಕೆ — ಸಿಸ್ಟರೇ ಅರ್ಧಕ್ಕೆ ಕಟ್ ಮಾಡಿದ್ರು.

ಗೇಟಿನ ಹತ್ತಿರ ಸಿಕ್ಕಿದರು. "ನಾನು ಕಟ್ ಮಾಡ್ಲಿಲ್ಲ ಟಾನ್ಯಾ. ಹಲೋ ಹಲೋ ಅಂತ ಕೂಗ್ತಾ ಓಡಿದೆ." ಅಳಲಿಲ್ಲ. ಜೆಪ್ಪು ಬಸ್ ಹತ್ತಿ ಹೋದರು. ನನಗೇ ಮೈಯೆಲ್ಲ ಉರೀತಾ ಉಂಟು.

ಮಾರ್ಚ್ 7, ಶುಕ್ರವಾರ

ನಾನೇ ಫೋನ್ ಹಿಡಿದು ನಡೆದೆ. ಆಚೆ ಕಡೆ ನಮ್ಮ ಟೀಮಿನ ಚೈತಾಲಿ. ತಿರುವಿನಲ್ಲಿ ಕಟ್. ಪ್ರತಿ ಸಲ ಅಲ್ಲೇ.

ನಡೆಯುವಾಗ ಫೋನು ಹಿಂದಿನ ಆಕ್ಸೆಸ್ ಪಾಯಿಂಟ್ (ಸೀಲಿಂಗಿನ ವೈಫೈ ಡಬ್ಬ) ಬಿಟ್ಟು ಮುಂದಿನದನ್ನು ಹಿಡಿಯಬೇಕು. ಇದು ಬಿಡುವುದಿಲ್ಲ. ಪವರ್ ಜಾಸ್ತಿ ಅಲ್ಲವಾ — ಹಿಂದಿನದರ ಬೊಬ್ಬೆ ಫೋನಿಗೆ ದೂರದವರೆಗೂ ಕೇಳ್ತದೆ. ಫೋನಿನ ಸಣ್ಣ ಸ್ವರ ಮಾತ್ರ ಅಲ್ಲಿಗೆ ಮುಟ್ಟುವುದಿಲ್ಲ.

ಆ ಮಹಡಿಯ ಪವರ್ ಇಳಿಸಿ ಮತ್ತೆ ನಡೆದೆ. ಕಾಲ್ ಒಮ್ಮೆಯೂ ಕಟ್ಟಾಗಲಿಲ್ಲ.

ಮಧ್ಯಾಹ್ನ

ಸರ್ ಮತ್ತೆ ಏರಿಸಿದ್ದಾರೆ! "ಎನ್‌ಕ್ವಯರಿ ಮುಗಿಯಲಿ. ಈಗ ಚೇಂಜ್ ಮಾಡಿದರೆ ತಪ್ಪು ನಮ್ಮದು ಅಂತ ಆಗ್ತದೆ."

ತಪ್ಪು ನಮ್ಮದೇ ಅಲ್ಲವಾ! ಬಾಗಿಲು ಬಡಿದು ಹೊರಗೆ ಬಂದೆ.

ಮಾರ್ಚ್ 12, ಬುಧವಾರ

ಎನ್‌ಕ್ವಯರಿ. ನನ್ನನ್ನು ಕರೆದಿರಲಿಲ್ಲ. ಹೋದೆ.

"ಮೇಡಂ, ಈ ಫೋನಿನಲ್ಲಿ ಮಾತಾಡ್ತಾ ವಾರ್ಡಿನಿಂದ ಐಸಿಯುಗೆ ನಡೀರಿ. ಅಷ್ಟೇ ಸಾಕು."

ಗಿರಿಜಾ ಮೇಡಂ ಮುಖ ಬಿಗಿಯಿತು. ಆದರೂ ಎದ್ದರು. ಚೈತಾಲಿ ಹತ್ತಿರ ಮಾತಾಡ್ತಾ ನಡೆದರು. ತಿರುವು. "ಹಲೋ? ಹಲೋ?" — ಫೋನನ್ನೇ ನೋಡ್ತಾ ನಿಂತರು.

"ಹ್ಯಾಂಡ್‌ಸೆಟ್ ಹಳೆಯದು ಮೇಡಂ," ಅಂದರು ಸರ್.

"ಪವರ್ ಏರಿಸಿದ್ದು ನೀವು ಸರ್. ಇಳಿಸಿದರೆ ಸರಿಯಾಗ್ತದೆ ಅಂತ ಗೊತ್ತಿದ್ದೂ ಮತ್ತೆ ಏರಿಸಿದ್ದೂ ನೀವೇ." ಎಲ್ಲರ ಎದುರಲ್ಲೇ ಹೇಳಿದೆ.

ಮಾರ್ಚ್ 19, ಬುಧವಾರ

ಮೇಡಂ ಆರ್ಡರಿನಂತೆ ಎಲ್ಲ ಮಹಡಿಗಳಲ್ಲೂ ಪವರ್ ಇಳಿಸಿ ಆಯಿತು. ಕಾಲ್ ಸರಿ ಉಂಟು. ಸರ್ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ, ಒಳ್ಳೆಯದೇ ಆಯಿತು.

ಮಗ್ದಲೀನ್ ಸಿಸ್ಟರ್‌ಗೆ ಲೆಟರ್ ಹೋಗಿದೆ: "ಸಂಶಯದ ಲಾಭ ನೀಡಿ ಮರಳಿ ಸೇರಿಸಿಕೊಳ್ಳಲಾಗಿದೆ." ಎಂತ ಸಂಶಯ? ಯಾರಿಗೆ ಸಂಶಯ? ಕಣ್ಣೆದುರು ಕಟ್ಟಾಯಿತಲ್ಲ!

ಜೆಪ್ಪುವಿಗೆ, ಸಿಸ್ಟರ್ ಮನೆಗೆ ಹೋದೆ. ಸಿಸ್ಟರ್ ಚಾ ಕೊಟ್ಟರು.

"ನಾನು ಬರುವುದಿಲ್ಲ ಟಾನ್ಯಾ. ಪೇಶೆಂಟ್ ಬದುಕಿದ್ದರೂ ಅವರ ಮಗಳು ನನ್ನ ಮುಖ ನೋಡಿ ಕೊಲೆಗಾರ್ತಿ ಅಂದಳು. ಮಗ್ದಲೀನ್ ಕಾಲ್ ಕಟ್ ಮಾಡ್ಲಿಲ್ಲ ಅಂತ ಆಸ್ಪತ್ರೆಯವರು ಒಂದು ಸಾಲು ಬರೆದು ಕೊಡಲಿ. ಆ ಹುಡುಗಿಗೂ ತೋರಿಸಲಿ. ಆಗ ಬರ್ತೇನೆ."

ಒಂದು ಸಾಲು. ಅದಕ್ಕೂ ಇವರಿಗೆ ಮರ್ಯಾದೆ ಅಡ್ಡ!

ನಾಳೆ ಮೇಡಂ ಬಾಗಿಲಲ್ಲಿ ನಿಲ್ಲುತ್ತೇನೆ. ಕೆಲಸ ಹೋದರೆ ಹೋಗಲಿ. ಆ ಸಾಲು ಕೈಗೆ ಸಿಗುವವರೆಗೆ ಅಲ್ಲಿಂದ ಕದಲುವುದಿಲ್ಲ.